ಓದಾಕ ಬರದ ಕರಾರಿಗೆ ಸಹಿ ಹಾಕಬ್ಯಾಡ್ರಿ



ಮಳೆಗಾಲ ಬಂತಂದ್ರೆ ಆದೋನಿಯ ಎಷ್ಟೋ ಬಾಡಿಗೆ ಮನೆಗಳ ಕಥೆ ಒಂದೇ. ಮೂಲೆಯಲ್ಲಿ ಸೋರೋ ನೀರು, ಅದರ ಕೆಳಗೊಂದು ಬಕೆಟ್, ಗೋಡೆ ತುಂಬ ಕಪ್ಪು ಬೂಸ್ಟು, ರಾತ್ರಿಯಿಡೀ ಕೆಮ್ಮೋ ಮಗು. ಓನರ್‌ಗೆ ಹೇಳಿದ್ರೆ, "ಅಗ್ರಿಮೆಂಟ್ ನೋಡ್ರಿ, ರಿಪೇರಿ ಎಲ್ಲಾ ನಿಮ್ಮದೇ" ಅಂತಾರೆ.

ನೋಡಿದ್ರೆ ಅದು ತೆಲುಗಿನಲ್ಲಿದೆ. ಹೊಳಗುಂದ, ಕೌತಾಳಂ, ಕೋಸಿಗಿ ಕಡೆಯಿಂದ ಕನ್ನಡ ಮೀಡಿಯಂ ಓದಿ ಪೇಟೆಗೆ ಬಂದ ನಾವು ತೆಲುಗು ಮಾತಾಡ್ತೀವಿ. ಕರಾರುಪತ್ರದ ತೆಲುಗು ಓದೋದು ಬೇರೆ ಮಾತು. ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿ ಬರ್ತೀವಿ. ನಾವು ಸೋಲೋದು ಮನೆ ಸೋರಿದ ದಿನ ಅಲ್ಲ, ಆ ಸಹಿ ಹಾಕಿದ ದಿನ.

ಯಾಕಂದ್ರೆ ಕಾನೂನು ಹೀಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಮಾಲೀಕ ತಾನು ಮಾಡಿಸಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ತಕ್ಕ ಸಮಯದಲ್ಲಿ ಮಾಡಿಸದಿದ್ರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರ್ಕೊಳ್ಳಬಹುದು. ಆದ್ರೆ ಕರಾರಿನಲ್ಲಿ ಬೇರೆ ಬರೆದಿದ್ರೆ ಕರಾರೇ ಮೇಲು ಅಂತ ಅದೇ ಕಲಂ ಹೇಳುತ್ತೆ. "ರಿಪೇರಿ ಎಲ್ಲಾ ಬಾಡಿಗೆದಾರನದ್ದು" ಅನ್ನೋ ಒಂದು ಸಾಲು ಸಾಕು, ಹಕ್ಕು ಹೋಯ್ತು.

ನ್ಯಾಯವಾದ ಹಂಚಿಕೆ ಯಾವುದು? 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲೇ ಪಟ್ಟಿ ಇದೆ. ಕಟ್ಟಡದ ರಿಪೇರಿ, ಸುಣ್ಣ-ಬಣ್ಣ, ಪೈಪ್ ಬದಲಿಸೋದು, ವೈರಿಂಗ್ ಮಾಲೀಕರದ್ದು. ನಲ್ಲಿ ವಾಷರ್, ಮೋರಿ ಕ್ಲೀನಿಂಗ್ ನಮ್ಮದು. ಆ ಪಟ್ಟಿಯನ್ನೇ ಕರಾರಿನಲ್ಲಿ ಬರೆಸ್ರಿ.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳೋಣ. ಕಿಟಕಿ ಮುಚ್ಚಿ ಒಳಗೇ ಬಟ್ಟೆ ಒಣಗಿಸಿದ್ರೆ ಬರೋ ಬೂಸ್ಟಿಗೆ ಓನರ್ ಹೊಣೆ ಅಲ್ಲ. ಆದ್ರೆ ಮಳೆ ಬಂದಾಗೆಲ್ಲ ದೊಡ್ಡದಾಗೋ ಕಲೆ ಮಾಳಿಗೆಯದ್ದು. ಮಳೆ ಇಲ್ಲದಿದ್ರೂ ಹಸಿಯಾಗೇ ಇದ್ರೆ ಪೈಪ್ ಕಡೆ ನೋಡ್ರಿ. ತೇವ, ಬೂಸ್ಟು ಇರೋ ಮನೆಯಲ್ಲಿ ಉಸಿರಾಟದ ತೊಂದರೆ, ಅಸ್ತಮಾ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಇದು ಗೋಡೆಯ ಅಂದದ ಪ್ರಶ್ನೆ ಅಲ್ಲ.

ಇನ್ನೊಂದು ಕಹಿ ಮಾತು. ಇಂಥ ಕರಾರು ಬರೆಸೋರಲ್ಲಿ ಕನ್ನಡದ ಓನರ್‌ಗಳೂ ಇದ್ದಾರೆ. ನವೆಂಬರ್‌ನಲ್ಲಿ ಬಾವುಟ ಹಾರಿಸಿ, ಜೂನ್‌ನಲ್ಲಿ ನಮ್ಮವರನ್ನೇ ಸೋರೋ ಮಾಳಿಗೆ ಕೆಳಗೆ ಮಲಗಿಸೋದು ಯಾವ ಅಭಿಮಾನ?

"ಆಂಧ್ರದಲ್ಲಿದ್ದೀರಿ, ತೆಲುಗು ಕಲೀರಿ" ಅಂತಾರೆ ಕೆಲವರು. ಕಲೀತೀವಿ, ತೆಲುಗಿನ ಮೇಲೆ ನಮಗೆ ಸಿಟ್ಟಿಲ್ಲ. ಆದ್ರೆ 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದಾಗ ನಾವು ಊರು ಬಿಟ್ಟು ಬಂದವರಲ್ಲ. ಗೆರೆಯೇ ನಮ್ಮ ಮೇಲೆ ಬಂತು. ರಾಜ್ಯದಲ್ಲಿ ಬಳಕೆಯಲ್ಲಿರೋ ಯಾವ ಭಾಷೆಯಲ್ಲಾದ್ರೂ ಅಧಿಕಾರಿಗೆ ಅಹವಾಲು ಕೊಡೋ ಹಕ್ಕನ್ನ ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಅರ್ಜಿ ಕನ್ನಡದಲ್ಲಿ ಬರೀರಿ, ಸ್ವೀಕೃತಿ ಕೇಳ್ರಿ.

ಇವತ್ತಿಂದ ನಾಲ್ಕು ಕೆಲಸ: ಕರಾರಿನ ಕನ್ನಡ ಪ್ರತಿ ಕೇಳ್ರಿ. ಕೊಡದಿದ್ರೆ ಓದಿಸಿ ತಿಳ್ಕೊಂಡೇ ಸಹಿ ಹಾಕ್ರಿ. ಮನೆ ಸೇರೋ ದಿನವೇ ಗೋಡೆ, ಮಾಳಿಗೆಯ ಫೋಟೋ ತೆಗೀರಿ. ಸೋರಿದ್ರೆ ಬಾಯಲ್ಲಿ ಹೇಳಿ ಬಿಡಬ್ಯಾಡ್ರಿ, ಬರೆದು ಕಳಿಸ್ರಿ.

ಕನ್ನಡ ಉಳೀಬೇಕಂದ್ರೆ ಅದು ಬೋರ್ಡಿನ ಮೇಲಿದ್ರೆ ಸಾಲದು, ಬಾಡಿಗೆ ಕರಾರಿನಲ್ಲೂ ಇರಬೇಕು.