ಅಂಗಳದಲ್ಲಿ ಹಾಜರಿ

ವಾಚಕರಲ್ಲಿ ಮೊದಲೇ ಒಂದು ತಪ್ಪೊಪ್ಪಿಗೆ ಮಾಡಿಕೊಂಡುಬಿಡುವುದು ಮೇಲು. ಮೂವತ್ತೈದು ವರ್ಷ ವಯಸ್ಸಾಗುವ ತನಕ ನಾನು ಚೆಂಡೆಂಬ ವಸ್ತುವನ್ನು ಕಾವ್ಯದಲ್ಲಲ್ಲದೆ ಬೇರೆಲ್ಲಿಯೂ ಆಸಕ್ತಿಯಿಂದ ಕಂಡವನಲ್ಲ. ನಮ್ಮ ಹಿಂದಿನ ಕವಿಗಳಿಗೆ ನಾಯಿಕೆಯ ಕಂದುಕಕ್ರೀಡೆಯೆಂದರೆ ಬಹಳ ಪ್ರೀತಿ. ಆದರೆ ಆ ವರ್ಣನೆಗಳಲ್ಲಿ ಕವಿಯ ಕಣ್ಣು ಕೆದರಿದ ಮುಂಗುರುಳಿನ ಮೇಲೆ, ಬೆವರಿದ ಹಣೆಯ ಮೇಲೆ, ಕುಲುಕುವ ಕಂಕಣದ ಮೇಲೆ ಇರುತ್ತದೆಯೇ ಹೊರತು ಚೆಂಡಿನ ಮೇಲೆ ಇರುವುದು ಅಪರೂಪ. ಹೆಣ್ಣಿನ ಆಟದ ವಿಷಯದಲ್ಲಿ ನನ್ನ ಜ್ಞಾನವೂ ಅಷ್ಟೇ ಆಗಿತ್ತು.

ಇಂತಹ ನಾನು ಒಂದು ಶನಿವಾರ ಬೆಳಗ್ಗೆ ಬಂಟ್ವಾಳದಿಂದ ಸಿದ್ಧಕಟ್ಟೆಯ ಮಾರ್ಗವಾಗಿ ಮೂಡುಬಿದಿರೆಗೆ ಹೋಗುವ ಬಸ್ಸನ್ನೇರಿ, ಅಂತರ ಕಾಲೇಜು ಮಹಿಳಾ ಬಾಸ್ಕೆಟ್‌ಬಾಲ್ ಪಂದ್ಯವನ್ನು ನೋಡಲು ಹೊರಟೆನೆಂದರೆ ಅದಕ್ಕೆ ಕಾರಣವಿರಲೇಬೇಕಷ್ಟೆ. ಕಾರಣ, ಒಂದು ಹಾಜರಿ ಪುಸ್ತಕ.

ನೂರಕ್ಕೆ ಎಪ್ಪತ್ತೈದರಷ್ಟು ಹಾಜರಿಯಿಲ್ಲದ ವಿದ್ಯಾರ್ಥಿಗೆ ಪರೀಕ್ಷೆಗೆ ಕೂರುವ ಅರ್ಹತೆಯಿಲ್ಲವೆಂಬುದು ನಮ್ಮಲ್ಲಿಯ ನಿಯಮ. ಕಾಲೇಜಿನ ಪರವಾಗಿ ಆಡಲು ಹೋದ ದಿನಗಳನ್ನು ಹಾಜರಿಯೆಂದೇ ಎಣಿಸಬಹುದೆಂಬುದೂ ಅದೇ ನಿಯಮದ ಇನ್ನೊಂದು ಸಾಲು. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಆಟಗಾರ್ತಿಯರ ಪಟ್ಟಿಯನ್ನು ಹಿಡಿದುಕೊಂಡು ಸಹಿಗಾಗಿ ನನ್ನ ಬಳಿಗೆ ಬಂದರು. ನಾನು ಮೊದಲ ಸಾಲನ್ನು ಗಟ್ಟಿಯಾಗಿ ಓದಿದೆ, ಎರಡನೆಯದನ್ನು ಓದಲಿಲ್ಲ. ಅಂತಿಮ ವರ್ಷದ ಒಬ್ಬ ಹುಡುಗಿಯ ಹೆಸರಿನ ಮೇಲೆ ಬೆರಳಿಟ್ಟು, “ಈಕೆ ತರಗತಿಯಲ್ಲಿದ್ದರೂ ಇಲ್ಲದಂತೆಯೇ. ಹೆಸರು ಕರೆದರೆ ಉತ್ತರ ಕೇಳಿಸುವುದಿಲ್ಲ. ಇವಳು ಆಡುವುದಾದರೂ ಏನನ್ನು?” ಎಂದೆ.

ಅವರು ಸಿಟ್ಟಾಗಲಿಲ್ಲ. “ಶನಿವಾರ ಮೂಡುಬಿದಿರೆಯಲ್ಲಿ ಮ್ಯಾಚ್ ಉಂಟು ಸರ್. ಒಮ್ಮೆ ಬಂದು ನೋಡಿ. ಆಮೇಲೆ ಸಹಿ ಹಾಕುವುದೂ ಬಿಡುವುದೂ ನಿಮಗೆ ಸೇರಿದ್ದು” ಎಂದು ಪಟ್ಟಿಯನ್ನು ನನ್ನ ಮೇಜಿನ ಮೇಲೆಯೇ ಇಟ್ಟು ಹೋದರು.

ಮೂಡುಬಿದಿರೆಯೆಂದರೆ ನನ್ನ ಪಾಲಿಗೆ ರತ್ನಾಕರವರ್ಣಿಯ ಊರು, 1430ರ ಸಾವಿರ ಕಂಬದ ಬಸದಿಯ ಊರು. ಅಲ್ಲಿನ ಜನಕ್ಕೆ ಅದು ಕಡಲಕೆರೆಯ ಜೋಡುಕರೆ ಕಂಬಳದ ಊರೂ ಹೌದು, ಸ್ವರಾಜ್ಯ ಮೈದಾನದ ಓಟಗಾರರ ಊರೂ ಹೌದು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟ ನಡೆದದ್ದು ಆ ಮೈದಾನದಲ್ಲಿಯೇ. ಹಾಗಾಗಿ ನಿಲ್ದಾಣದಲ್ಲಿಳಿದು ದಾರಿ ಕೇಳಿದಾಗ ಹೂವಿನಂಗಡಿಯಾತ, “ಹುಡುಗಿಯರ ಬಾಸ್ಕೆಟ್‌ಬಾಲಾ? ನೇರ ಹೋಗಿ, ಸದ್ದು ಕೇಳ್ತದೆ” ಎಂದನೇ ಹೊರತು ಆಶ್ಚರ್ಯಪಡಲಿಲ್ಲ. ಆಶ್ಚರ್ಯ ನನ್ನೊಬ್ಬನದೇ.

ಸಿಮೆಂಟಿನ ಅಂಗಳ, ಒಂದು ಬದಿಯಲ್ಲಿ ಕಲ್ಲಿನ ಮೆಟ್ಟಲುಗಳು. ನೆರಳಿದ್ದ ಕಡೆ ನೋಡಿ ಕುಳಿತೆ. ಪಕ್ಕದಲ್ಲಿ ನಲುವತ್ತೈದರ ಆಸುಪಾಸಿನ ಒಬ್ಬ ಹೆಂಗಸು. ಸೆರಗಿನ ತುದಿಯಲ್ಲಿ ಏನನ್ನೋ ಗಂಟು ಹಾಕಿ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಆಕೆ ತುಳುವಿನಲ್ಲಿಯೇ ಮಾತಿಗಾರಂಭಿಸಿದರು. ನಾನಿಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

“ನಿಮ್ಮ ಮಗಳೂ ಆಡುತ್ತಾಳಾ ಅಣ್ಣೆರೇ?”

“ಇಲ್ಲಕ್ಕ, ಸುಮ್ಮನೆ ನೋಡಲು ಬಂದೆ.”

“ನನ್ನ ಮಗಳು ಏಳು ನಂಬ್ರದವಳು. ಮೂರು ವರ್ಷದಿಂದ ಆಡುತ್ತಾಳಂತೆ, ನಾನು ನೋಡುವುದು ಇವತ್ತೇ. ಬೆಳಗ್ಗೆಯೇ ಬೀಡಿ ಬ್ರಾಂಚಿಗೆ ಕೊಟ್ಟು, ಗುರುವಾಯನಕೆರೆಯಿಂದ ವೇಣೂರಿಗಾಗಿ ಬಂದೆ. ಆಡುವಾಗ ಬಳೆ ಓಲೆ ಹಾಕಬಾರದಂತಲ್ಲ? ಇಗೋ, ಬಿಚ್ಚಿ ನನ್ನ ಕೈಯಲ್ಲಿ ಕೊಟ್ಟಿದ್ದಾಳೆ” ಎಂದು ಸೆರಗಿನ ಗಂಟನ್ನು ತೋರಿಸಿದರು.

ಏಳು ನಂಬ್ರದ ಅಂಗಿಯತ್ತ ನೋಡಿದೆ. ನಾನು ಬೆರಳಿಟ್ಟಿದ್ದ ಹೆಸರಿನವಳೇ!

ಎದುರಾಳಿಗಳು ಘಟ್ಟದ ಬುಡದ ಬೆಳ್ತಂಗಡಿ ಕಡೆಯ ಒಂದು ಕಾಲೇಜಿನವರು. ಎತ್ತರದ, ದೃಢವಾದ ಹುಡುಗಿಯರು. ಸೀಟಿ ಊದಿತು. ಮೊದಲ ಹತ್ತು ನಿಮಿಷಗಳ ಅವಧಿಯಲ್ಲಿ ನಾನು ಕಂಡದ್ದು ಬರಿಯ ಗೊಂದಲ. ಚೆಂಡು ಎಲ್ಲಿದೆಯೆಂದು ನನ್ನ ಕಣ್ಣು ಕಂಡುಕೊಳ್ಳುವ ಹೊತ್ತಿಗೆ ಅದು ಅಲ್ಲಿರುತ್ತಿರಲಿಲ್ಲ. ನಮ್ಮವರು ಎಂಟು ಅಂಕ ಹಿಂದೆ ಬಿದ್ದರು. ಎರಡನೆಯ ಅವಧಿಯಲ್ಲಿ ಒಂದು ಉಪಾಯ ಮಾಡಿದೆ: ಚೆಂಡನ್ನು ಬಿಟ್ಟು ಏಳು ನಂಬ್ರದವಳೊಬ್ಬಳನ್ನೇ ನೋಡತೊಡಗಿದೆ. ಆಗ ಆಟ ತಾನಾಗಿ ತೆರೆದುಕೊಂಡಿತು.

ಆಕೆ ಕುಳ್ಳಗಿನ ಹುಡುಗಿ. ಬುಟ್ಟಿಗೆ ಎಸೆಯುತ್ತಿದ್ದುದು ಕಡಿಮೆ. ಆದರೆ ಚೆಂಡು ಪ್ರತಿ ಸಲವೂ ಅವಳ ಕೈಯನ್ನು ಹಾದೇ ಮುಂದೆ ಹೋಗುತ್ತಿತ್ತು. ಯಾರೂ ಇಲ್ಲದ ಜಾಗಕ್ಕೆ ಅವಳು ಚೆಂಡನ್ನು ಕಳುಹಿಸುವಳು. ‘ಅಯ್ಯೋ, ತಪ್ಪಿತು’ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಜೊತೆಗಾತಿಯೊಬ್ಬಳು ಅಲ್ಲಿಗೆ ಬಂದಿರುವಳು. ಯಕ್ಷಗಾನದಲ್ಲಿ ಭಾಗವತರು ವೇಷಧಾರಿಯ ಹೆಜ್ಜೆಯನ್ನು ಮೊದಲೇ ಅರಿತು ತಾಳವನ್ನು ನಡೆಸುವುದಿಲ್ಲವೇ, ಅಂತಹ ಕೆಲಸ ಅದು. ಎಲ್ಲಕ್ಕಿಂತ ಮಿಗಿಲಾಗಿ ಅವಳ ಕಂಠ! “ಎಡಕ್ಕೆ!” “ಹಿಂದೆ ನೋಡೇ!” “ಬಲಿಪು, ಬಲಿಪು!” ಎಂದು ಅಂಗಳದ ಈ ತುದಿಯಿಂದ ಆ ತುದಿಗೆ ಕೇಳಿಸುವ ಧ್ವನಿ. ನನ್ನ ತರಗತಿಯಲ್ಲಿ ಮೂರು ವರ್ಷ ಎರಡನೆಯ ಬೆಂಚಿನವರೆಗೂ ತಲುಪದಿದ್ದ ಧ್ವನಿ ಅದೇ.

ಅರ್ಧ ಆಟ ಮುಗಿದು ವಿರಾಮವಾಯಿತು. ಎಂ.ಎ. ಮಾಡಿದವನ ದುರಭ್ಯಾಸವೆಂದರೆ ಯಾವುದನ್ನೂ ಓದದೆ ನೋಡಲಾರದಿರುವುದು. ಹಿಂದಿನ ರಾತ್ರಿ ನಾನು ಈ ಆಟದ ಚರಿತ್ರೆಯನ್ನು ಓದಿಕೊಂಡೇ ಬಂದಿದ್ದೆ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕೆಂದು ಪೀಚ್ ಹಣ್ಣಿನ ಬುಟ್ಟಿಗಳನ್ನು ಹತ್ತಡಿ ಎತ್ತರದಲ್ಲಿ ಕಟ್ಟಿದರು. ಮರುವರ್ಷವೇ ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬಾಕೆ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಆದರೆ ಹುಡುಗಿಯರು ದಣಿದಾರು, ಒರಟಾದಾರು ಎಂಬ ಭಯ ಆಗಿನ ಸಮಾಜದ್ದು. ಆದುದರಿಂದ ಅಂಗಳವನ್ನು ಮೂರು ಭಾಗ ಮಾಡಿ, ಒಂದು ಭಾಗದವಳು ಇನ್ನೊಂದು ಭಾಗಕ್ಕೆ ಕಾಲಿಡಬಾರದೆಂದೂ, ಇನ್ನೊಬ್ಬಳ ಕೈಯಿಂದ ಚೆಂಡನ್ನು ಕಸಿಯಬಾರದೆಂದೂ, ಮೂರು ಸಲಕ್ಕಿಂತ ಹೆಚ್ಚು ಪುಟಿಸಬಾರದೆಂದೂ ಕಟ್ಟಳೆ ಮಾಡಲಾಯಿತು. ಅಮೆರಿಕದ ಕಾಲೇಜು ಹುಡುಗಿಯರಿಗೆ ಅಂಗಳದ ತುಂಬ ಓಡಾಡುವ ಐವರ ಆಟ ನಿಯಮವಾಗಿ ದೊರೆತದ್ದು 1971ರಲ್ಲಿ. ಒಲಿಂಪಿಕ್ಸ್‌ನಲ್ಲಿ ಗಂಡಸರ ಬಾಸ್ಕೆಟ್‌ಬಾಲ್ 1936ರಲ್ಲಿಯೇ ಸೇರಿದ್ದರೆ, ಹೆಂಗಸರದು 1976ರ ತನಕ ಕಾಯಬೇಕಾಯಿತು.

1896ರ ಏಪ್ರಿಲ್ 4ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಹುಡುಗಿಯರು ಆಡಿದ ಮೊತ್ತಮೊದಲ ಅಂತರ ಕಾಲೇಜು ಪಂದ್ಯದ ಸಂಗತಿಯಂತೂ ನನ್ನನ್ನು ಚುಚ್ಚುವಂತಿತ್ತು. ಸ್ಟ್ಯಾನ್‌ಫರ್ಡ್ 2–1ರಿಂದ ಗೆದ್ದ ಆ ಪಂದ್ಯವನ್ನು ನೋಡಲು ನೂರಾರು ಹೆಂಗಸರು ನೆರೆದಿದ್ದರು, ಗಂಡಸರಿಗೆ ಪ್ರವೇಶವಿರಲಿಲ್ಲ. ಗಂಡಸಿನ ನೋಟ ಚೆಂಡಿನ ಮೇಲಿರುವುದಿಲ್ಲವೆಂಬ ಸಂಶಯ ಅವರಿಗೂ ಇದ್ದಿರಬೇಕು. ನಮ್ಮ ಕಂದುಕಕ್ರೀಡೆಯ ಪದ್ಯಗಳನ್ನು ಬಲ್ಲ ನಾನು ಆ ಸಂಶಯವನ್ನು ಅನ್ಯಾಯವೆನ್ನಲಾರೆ.

ನನ್ನ ಪಾಂಡಿತ್ಯದ ಒಂದಂಶವನ್ನು ಪಕ್ಕದಾಕೆಗೂ ಹಂಚಿದೆ. “ಹೆಂಗಸರ ಚೆಂಡು ಸುತ್ತಳತೆಯಲ್ಲಿ ಒಂದು ಅಂಗುಲ ಚಿಕ್ಕದು ಅಕ್ಕ. ಆದರೆ ಆ ಬುಟ್ಟಿ ಮಾತ್ರ ಗಂಡಸರಿಗೂ ಹೆಂಗಸರಿಗೂ ಒಂದೇ, ಹತ್ತಡಿ ಎತ್ತರ.”

ಆಕೆ ಮೇಲೆ ನೋಡಿದರು. “ನಮಗೆ ತಗ್ಗಿಸಿ ಕೊಟ್ಟದ್ದು ಯಾವುದುಂಟು?” ಎಂದು ನಕ್ಕರು. ಆಮೇಲೆ ದನಿಯಿಳಿಸಿ, “ಈ ಆಟದಿಂದ ಅವಳಿಗೆ ಒಂದು ತೊಂದರೆಯಾಗಿದೆ ಅಣ್ಣೆರೇ. ಕನ್ನಡದ ಮಾಷ್ಟ್ರು ಒಬ್ಬರು ಹಾಜರಿ ಕೊಡುವುದಿಲ್ಲವಂತೆ. ಪರೀಕ್ಷೆಗೆ ಬಿಡದಿದ್ದರೆ ಒಂದು ವರ್ಷ ಹೋಯಿತಲ್ಲ! ಸಾವಿರ ಬೀಡಿಗೆ ಇಷ್ಟು ಎಂದು ಎಣಿಸಿ ಕೊಡುವ ಮಜೂರಿ ನಮ್ಮದು. ಒಂದು ವರ್ಷಕ್ಕೆ ಎಷ್ಟು ಬೀಡಿಯಾಯಿತೆಂದು ಆ ಮಾಷ್ಟ್ರಿಗೆ ಲೆಕ್ಕ ಬರುತ್ತದಾ?” ಎಂದರು.

ನಾನು ಅಂಗಳದ ಕಡೆಗೆ ಬಹಳ ಆಸಕ್ತಿಯಿಂದ ನೋಡಿದೆ. ಅಂಗಳ ಬರಿದಾಗಿತ್ತು.

“ಆ ಮಾಷ್ಟ್ರು ಕೆಟ್ಟವರಲ್ಲವಂತೆ,” ಎಂದು ಆಕೆ ತಾವೇ ಸೇರಿಸಿದರು. “ಪಾಠ ಚೆಂದ ಮಾಡುತ್ತಾರಂತೆ. ಬೆಳಗ್ಗೆ ಆರಕ್ಕೆ ಮೈದಾನಿನಲ್ಲಿರಲು ಇವಳು ಮಡಂತ್ಯಾರಿನಿಂದ ಮೊದಲ ಬಸ್ಸು ಹಿಡಿಯುತ್ತಾಳೆ, ಅದು ಅವರಿಗೆ ಗೊತ್ತಿಲ್ಲ. ಯಾರು ಹೇಳಬೇಕು?”

ಮೂರನೆಯ ಅವಧಿ ಪ್ರಾರಂಭವಾದುದು ನನ್ನ ಪುಣ್ಯ. ನಮ್ಮವರು ಬಿಟ್ಟ ಅಂಕಗಳನ್ನು ಒಂದೊಂದಾಗಿ ಹಿಡಿಯುತ್ತ ಬಂದರು. ಈಗ ನಾನೂ ಕೂಗುತ್ತಿದ್ದೆ. ಯಾವಾಗ ಎದ್ದು ನಿಂತೆನೋ ತಿಳಿಯದು. ಕಾವ್ಯಮೀಮಾಂಸೆಯಲ್ಲಿ ಸಹೃದಯನೆಂಬ ಮಾತನ್ನು ನಾನು ವರ್ಷಕ್ಕೊಮ್ಮೆ ಬೋಧಿಸುತ್ತೇನೆ: ಕವಿಯ ಹೃದಯಕ್ಕೆ ಸಮನಾದ ಹೃದಯವುಳ್ಳವನು. ಆ ಲಕ್ಷಣವನ್ನು ನನ್ನ ಪಕ್ಕದಲ್ಲಿ, ಆಟದ ಒಂದು ನಿಯಮವನ್ನೂ ಅರಿಯದ ತಾಯಿಯಲ್ಲಿ ಕಂಡೆ. ಮಗಳು ಬಿದ್ದಾಗ ಆಕೆಯ ಮೊಣಕಾಲು ನಡುಗಿತು; ಮಗಳು ಎದ್ದು ಓಡಿದಾಗ ಸೆರಗಿನ ಗಂಟನ್ನು ಎದೆಗೊತ್ತಿಕೊಂಡರು.

ಕೊನೆಯ ಅವಧಿಯಲ್ಲಿ ಎರಡು ನಿಮಿಷ ಉಳಿದಿರಲು ಅಂಕಗಳು ಸಮನಾದುವು. ಆಗಲೇ ಏಳು ನಂಬ್ರದವಳ ಮೇಲೆ ಐದನೆಯ ಫೌಲ್ ಬಿತ್ತು. ಐದಾದರೆ ಆಟಗಾರ್ತಿ ಹೊರಗೆ; ಮರಳಿ ಬರುವಂತಿಲ್ಲ. ಆಕೆ ತಲೆ ತಗ್ಗಿಸಿ ಬದಿಗೆ ಬಂದಳು. ಅತ್ತಳೇ? ಇಲ್ಲ. ಬೆಂಚಿನಲ್ಲಿ ಕೂರಲೂ ಇಲ್ಲ. ಅಲ್ಲಿಯೇ ನಿಂತು ತನ್ನ ಜಾಗಕ್ಕೆ ಹೋದ ಪ್ರಥಮ ವರ್ಷದ ಹುಡುಗಿಗೆ ಅಂಗಳದಲ್ಲಿದ್ದಾಗಿನ ಅದೇ ಸ್ವರದಲ್ಲಿ ದಾರಿ ಹೇಳತೊಡಗಿದಳು. ಆಟವನ್ನು ಅವಳಿಂದ ಕಸಿದುಕೊಂಡಿದ್ದರು. ಧ್ವನಿಯನ್ನು ಕಸಿಯುವ ನಿಯಮ ಇರಲಿಲ್ಲ.

ನಮ್ಮವರು ಎರಡು ಅಂಕಗಳಿಂದ ಸೋತರು.

ಎರಡು ಅಂಕವೆಂದರೆ ಒಂದು ಬುಟ್ಟಿ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್‌ನ ‘ಬಿ’ ವಿಭಾಗದ ಅಂತಿಮ ಪಂದ್ಯವನ್ನು ಕಜಾಕಿಸ್ತಾನದ ಎದುರು ಗೆದ್ದುದು 75–73ರಿಂದ; ಅಲ್ಲಿಯೂ ಅಂತರ ಒಂದೇ ಬುಟ್ಟಿ. ಆ ತಂಡದ ಅನಿತಾ ಪೌಲ್‌ದುರೈ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಿತು. ಮೂಡುಬಿದಿರೆಯ ನೆರೆಯ ಕಾರ್ಕಳ ತಾಲೂಕಿನ ಹೆರ್ಮುಂಡೆಯಿಂದ ಹೊರಟ ಮಮತಾ ಪೂಜಾರಿ, ಕಬಡ್ಡಿಯಲ್ಲಿ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು 2010ರಲ್ಲಿಯೂ 2014ರಲ್ಲಿಯೂ ಗೆದ್ದ ತಂಡದಲ್ಲಿದ್ದರು. ನಮ್ಮ ಹುಡುಗಿಯ ಹೆಸರು ಅಂತಹ ಪಟ್ಟಿಗಳಲ್ಲಿ ಬರಲಾರದು. ಪದವಿ ಮುಗಿದೊಡನೆ ಈ ಹುಡುಗಿಯರಲ್ಲಿ ಹೆಚ್ಚಿನವರಿಗೆ ಅಂಗಳವೇ ಇರುವುದಿಲ್ಲ. ಕೆಲಸ, ಮದುವೆ, ಮನೆ. ಇವುಗಳ ನಡುವೆ ಹತ್ತಡಿ ಎತ್ತರದ ಕಂಬವನ್ನು ಎಲ್ಲಿ ನೆಡುವುದು? ಅವಳಿಗಿದ್ದುದು ಈ ಮೂರು ವರ್ಷ. ಅದರಲ್ಲಿಯೂ ನಾನು ಪೆನ್ನು ಹಿಡಿದು ಅಡ್ಡ ನಿಂತಿದ್ದೆ.

ಆಕೆ ತಾಯಿಯ ಬಳಿಗೆ ಬಂದಳು. ನನ್ನನ್ನು ಕಂಡು ಗಕ್ಕನೆ ನಿಂತಳು. “ನಮಸ್ಕಾರ ಸರ್” ಎಂದಳು. ಮತ್ತೆ ಅದೇ ಎರಡನೆಯ ಬೆಂಚು ಮುಟ್ಟದ ಸ್ವರ. ತಾಯಿ ಮಗಳ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ಅವರಿಗೆ ಅರ್ಥವಾಯಿತು.

“ಲೆಕ್ಕ ಬಾರದ ಮಾಷ್ಟ್ರು ನಾನೇ ಅಕ್ಕ” ಎಂದೆ.

ಆಕೆ ಕ್ಷಮೆ ಕೇಳಲಿಲ್ಲ. ಕೇಳಬೇಕಾದ ಕಾರಣವೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡಿದಿರಲ್ಲ” ಎಂದಷ್ಟೇ ಹೇಳಿ ಸೆರಗಿನ ಗಂಟನ್ನು ಬಿಚ್ಚಿದರು. ಮಗಳು ಬಳೆಗಳನ್ನು ಒಂದೊಂದಾಗಿ ತೊಟ್ಟುಕೊಂಡಳು. ವೇಣೂರಿನ ಬಸ್ಸಿಗೆ ಹೊತ್ತಾಗಿತ್ತು. ಇಬ್ಬರೂ ಬೇಗಬೇಗನೆ ನಡೆದು ಹೋದರು.

ಸೋಮವಾರ ಪಟ್ಟಿಗೆ ಸಹಿ ಹಾಕಿದೆ. ಇದನ್ನು ಔದಾರ್ಯವೆಂದು ವಾಚಕರು ತಿಳಿಯಬಾರದು. ಎರಡನೆಯ ಸಾಲನ್ನು ತಡವಾಗಿ ಓದಿದೆ, ಅಷ್ಟೇ. ಆ ಮಧ್ಯಾಹ್ನ ತರಗತಿಯಲ್ಲಿ ಹಾಜರಿ ಕರೆಯುವಾಗ ಅವಳ ಹೆಸರು ಬಂದೊಡನೆ ಪುಸ್ತಕದಿಂದ ತಲೆಯೆತ್ತಿ ನೋಡಿದೆ. ತುಟಿ ಅಲುಗಿತು. ಸದ್ದು ನನಗೆ ಕೇಳಿಸಲಿಲ್ಲ. ಮೂರು ವರ್ಷದಲ್ಲಿ ನನ್ನ ತರಗತಿ ಅವಳನ್ನು ಮಾತನಾಡಿಸುವಂತೆ ಏನನ್ನು ಮಾಡಿತ್ತು ಎಂದು ಅಂದೇ ಮೊದಲ ಬಾರಿ ನನ್ನನ್ನು ಕೇಳಿಕೊಂಡೆ.

ಇನ್ನೂ ಕೇಳಿಕೊಳ್ಳುತ್ತಲೇ ಇದ್ದೇನೆ. ಈ ನಡುವೆ ಮುಂದಿನ ವರ್ಷದ ಪಂದ್ಯಗಳು ಯಾವ ಊರಿನಲ್ಲೆಂದು ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ವಿಚಾರಿಸಿಟ್ಟಿದ್ದೇನೆ. ಅವಳ ಜಾಗಕ್ಕೆ ಹೋದ ಆ ಪ್ರಥಮ ವರ್ಷದ ಹುಡುಗಿ ಆಗ ಏಳು ನಂಬ್ರದ ಅಂಗಿಯನ್ನು ತೊಡುತ್ತಾಳಂತೆ.