ಬಾಗಿಲಿನ ಭಾಷೆ, ದಫ್ತರಿನ ಭಾಷೆ

ಪ್ರಜೆಯು ತನ್ನ ಮಾತಿನಲ್ಲಿ ಅರ್ಜಿ ಕೊಡಬಹುದು, ಉತ್ತರವೂ ಅದೇ ಮಾತಿನಲ್ಲಿ ಬರುವದು. ಇದಕ್ಕಿಂತ ಹೆಚ್ಚಿನದನ್ನು ಬೇಡುವದು ದುರಾಶೆ. ಝೆಕ್ ಜನರ ವಿಷಯದಲ್ಲಿ ಆಸ್ಟ್ರಿಯದ ಸರಕಾರದ ಧೋರಣೆಯು 1880 ರಿಂದ ಹದಿನೇಳು ವರ್ಷ ಹೀಗೆಯೇ ಇದ್ದಿತು. ಕೋರ್ಟಿನ ಮೆಟ್ಟಲು ಹತ್ತಿಳಿದು ಹೊಟ್ಟೆ ಹೊರೆಯುವ ನಮಗೆ ಇದರ ಒಳಗುಟ್ಟು ಕೂಡಲೆ ಹೊಳೆಯುವದು. ಪಕ್ಷಕಾರನ ಕೈಗೆ ಬರುವ ಕಾಗದವು ಪ್ರಕರಣದ ಕೊನೆಯ ಹಾಳೆ ಮಾತ್ರ. ಅದರ ಹಿಂದೆ ಟಿಪ್ಪಣಿ, ಅಭಿಪ್ರಾಯ, ಮೇಲಧಿಕಾರಿಗೆ ಬರೆದ ವರದಿ ಇವುಗಳ ಕಟ್ಟೇ ಇರುವದು. ನ್ಯಾಯವಾಗಲಿ ಅನ್ಯಾಯವಾಗಲಿ ಹುಟ್ಟುವದು ಆ ಕಟ್ಟಿನಲ್ಲಿಯೇ.

ಬೊಹಿಮಿಯಾ ಪ್ರಾಂತದ ಆ ಕಟ್ಟೆಲ್ಲವೂ ಜರ್ಮನ್ ಭಾಷೆಯಲ್ಲಿತ್ತು. ಅಲ್ಲಿಯ ಜನರಲ್ಲಿ ಐದರಲ್ಲಿ ಮೂರು ಪಾಲು ಝೆಕ್ಕರು. 1620 ರಲ್ಲಿ ಪ್ರಾಗ್ ನಗರದ ಬಳಿಯ ಬಿಳಿಗುಡ್ಡದ ಕಾಳಗದಲ್ಲಿ ಸೋತ ಬಳಿಕ ಅವರ ಭಾಷೆಯು ವಿದ್ಯಾಲಯ, ಕಚೇರಿಗಳಿಂದ ಮೆಲ್ಲಮೆಲ್ಲನೆ ಹೊರಬಿದ್ದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಅದನ್ನು ಮರಳಿ ಎತ್ತಿ ನಿಲ್ಲಿಸಿದರು. ಯುಂಗ್‌ಮನ್ ಪಂಡಿತನು ಐದು ಸಂಪುಟಗಳ ನಿಘಂಟನ್ನು ರಚಿಸಿದನು. ಪಾಲಾತ್ಸ್ಕಿಯು 1836 ರಲ್ಲಿ ಜರ್ಮನದಲ್ಲಿ ಆರಂಭಿಸಿದ ದೇಶದ ಇತಿಹಾಸವನ್ನು 1848 ರಿಂದ ಝೆಕ್ ಭಾಷೆಯಲ್ಲಿ ಪ್ರಕಟಿಸತೊಡಗಿದನು. ಜನರ ವರ್ಗಣಿಯಿಂದ ಎದ್ದ ರಾಷ್ಟ್ರೀಯ ನಾಟಕಮಂದಿರವು 1881 ರಲ್ಲಿ ಬೆಂಕಿಗೆ ತುತ್ತಾಗಲು, ಎರಡೇ ವರ್ಷಗಳಲ್ಲಿ ಮತ್ತೆ ಬಾಗಿಲು ತೆರೆಯಿತು. 1882 ರಲ್ಲಿ ಪ್ರಾಗಿನ ವಿಶ್ವವಿದ್ಯಾಲಯವು ಇಬ್ಭಾಗವಾಗಿ ಝೆಕ್ಕರಿಗೆ ತಮ್ಮದೇ ವಿದ್ಯಾಪೀಠ ದೊರೆಯಿತು. ಉಳಿದದ್ದು ದಫ್ತರೊಂದೇ.

1897 ನೆಯ ಏಪ್ರಿಲದಲ್ಲಿ ಪ್ರಧಾನ ಮಂತ್ರಿ ಬಾದೇನಿಯು ಆ ಬೀಗವನ್ನೂ ತೆಗೆದನು. ಝೆಕ್ ಭಾಷೆಯಲ್ಲಿ ಆರಂಭವಾದ ಪ್ರಕರಣವು ಕಚೇರಿಯ ಒಳಗೂ ಅದೇ ಭಾಷೆಯಲ್ಲಿ ನಡೆಯತಕ್ಕದ್ದು; 1901 ರೊಳಗಾಗಿ ಬೊಹಿಮಿಯಾ, ಮೊರಾವಿಯಾಗಳ ಅಧಿಕಾರಿಗಳು ಎರಡೂ ಭಾಷೆ ಕಲಿಯತಕ್ಕದ್ದು. ಓದು ಬಲ್ಲ ಝೆಕ್ಕನಿಗೆ ಜರ್ಮನ್ ಬರುತ್ತಲೇ ಇತ್ತು. ಝೆಕ್ ಬಲ್ಲ ಜರ್ಮನರು ವಿರಳ. ಉದ್ಯೋಗಗಳು ಕೈಬಿಡುವವೆಂದು ಜರ್ಮನರು ಕನಲಿ ಎದ್ದರು. ವ್ಹಿಯೆನ್ನಾದ ಪಾರ್ಲಿಮೆಂಟಿನಲ್ಲಿ ಲೇಖೆರ್ ಎಂಬ ಸಭಾಸದನು ಒಂದೇ ಸಮನೆ ಹನ್ನೆರಡು ತಾಸು ಮಾತಾಡಿ ಸಭೆಯನ್ನು ತಡೆದನು. ಪ್ರಧಾನ ಮಂತ್ರಿಯೇ ಒಬ್ಬ ಸಭಾಸದನೊಡನೆ ಪಿಸ್ತೂಲಿನಿಂದ ದ್ವಂದ್ವಯುದ್ಧ ಮಾಡಿ ತೋಳಿಗೆ ಗಾಯ ಮಾಡಿಕೊಂಡನು. ಆಗ ಆ ನಗರದಲ್ಲಿದ್ದ ಅಮೇರಿಕೆಯ ವಿನೋದಲೇಖಕ ಮಾರ್ಕ್ ಟ್ವೇನನು ಈ ಗದ್ದಲವನ್ನು ಬಣ್ಣಿಸಿ ಬರೆದಿರುವನು. ವಿನೋದಕ್ಕಾಗಿ ಆತನು ಏನನ್ನೂ ಕಲ್ಪಿಸಬೇಕಾಗಿರಲಿಲ್ಲ. ನವೆಂಬರದಲ್ಲಿ ಬಾದೇನಿಯು ಪದಚ್ಯುತನಾದನು. ಪ್ರಾಗಿನಲ್ಲಿ ಝೆಕ್ ಗುಂಪುಗಳು ಜರ್ಮನರ, ಯಹೂದ್ಯರ ಅಂಗಡಿಗಳನ್ನು ಒಡೆದವು. ಸೈನಿಕ ಕಾಯದೆ ಬಂದಿತು. 1899 ರಲ್ಲಿ ಆಜ್ಞೆಗಳೇ ರದ್ದಾದವು.

ಝೆಕ್ಕರ ಬೇಡಿಕೆ ನ್ಯಾಯವಾದದ್ದೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಝೆಕ್ ಮಾತು ಕಿವಿಗೇ ಬೀಳದ ಅಚ್ಚ ಜರ್ಮನ್ ತಾಲೂಕಿನ ಗುಮಾಸ್ತನೂ ಅದನ್ನು ಕಲಿಯಬೇಕೆಂದದ್ದು ಅತಿಯಾಯಿತು. ಅದಕ್ಕೂ ಮಿಗಿಲಾದ ತಪ್ಪೆಂದರೆ, ಹಂಗೇರಿಯೊಡನೆಯ ಒಪ್ಪಂದವನ್ನು ನವೀಕರಿಸಲು ಝೆಕ್ ಮತಗಳು ಬೇಕಾಗಿ ಮಂತ್ರಿಯು ಇದನ್ನು ಕೊಟ್ಟದ್ದು. ವ್ಯಾಪಾರದಿಂದ ಪಡೆದ ಹಕ್ಕನ್ನು ಮುಂದಿನ ವ್ಯಾಪಾರಿಯು ಹಿಂದಕ್ಕೆ ಕೊಂಡುಹೋದನು.

1918 ರಲ್ಲಿ ಸಾಮ್ರಾಜ್ಯವು ಮುರಿದು ಝೆಕೊಸ್ಲೊವಾಕಿಯಾ ಹುಟ್ಟಿತು. ಈಗ ದಫ್ತರು ಝೆಕ್ಕರ ಕೈಯಲ್ಲಿ. ಅಲ್ಲಿದ್ದ ಜರ್ಮನರು ಮೂವತ್ತು ಲಕ್ಷಕ್ಕೂ ಮಿಕ್ಕಿದವರು. 1920 ರ ಭಾಷಾ ಕಾಯದೆಯು, ನೂರಕ್ಕೆ ಇಪ್ಪತ್ತು ಮಂದಿಯಾದರೂ ಇದ್ದ ತಾಲೂಕುಗಳಲ್ಲಿ ಅವರು ತಮ್ಮ ಭಾಷೆಯಲ್ಲಿ ಅರ್ಜಿ ಕೊಟ್ಟು ಉತ್ತರ ಪಡೆಯಬಹುದೆಂದು ವಿಧಿಸಿತು. ರಾಜ್ಯಭಾಷೆಯ ಸ್ಥಾನವು ಝೆಕೊಸ್ಲೊವಾಕ್ ಭಾಷೆಗೆ ಮೀಸಲಾಯಿತು. ಆ ಕಾಲದ ಯುರೋಪಿನಲ್ಲಿ ಇಷ್ಟು ಕೊಟ್ಟ ದೇಶಗಳು ಕೆಲವೇ. ಇದನ್ನು ಮುಚ್ಚಿಡುವದು ಸರಿಯಲ್ಲ. ಆದರೂ ವಾಚಕರು 1880 ರ ಆಜ್ಞೆಯನ್ನೂ 1920 ರ ಕಾಯದೆಯನ್ನೂ ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ನೋಡಬೇಕು. ಬಾಗಿಲಲ್ಲಿ ನಿಂತ ಅರ್ಜಿದಾರನು ಬದಲಾದನೇ ಹೊರತು, ಬಾಗಿಲು ಇದ್ದಲ್ಲಿಯೇ ಇದ್ದಿತು.

ಆ ಅಸಮಾಧಾನವನ್ನು ಹಿಟ್ಲರನು 1938 ರಲ್ಲಿ ತನ್ನ ಕಾರ್ಯಕ್ಕೆ ಬಳಸಿಕೊಂಡು ದೇಶವನ್ನು ಕತ್ತರಿಸಿದನು. ಯುದ್ಧ ಮುಗಿದ ಮೇಲೆ 1945-46 ರಲ್ಲಿ ಜರ್ಮನರಲ್ಲಿ ಬಹುತೇಕರನ್ನು ಗಡಿಯಾಚೆಗೆ ಅಟ್ಟಲಾಯಿತು. ಅವರ ತಾಲೂಕುಗಳ ಕಚೇರಿಗಳಿಗೆ ಜರ್ಮನ್ ಅರ್ಜಿಗಳು ಬರುವದು ನಿಂತಿತು.