ಕೊಲ್ಲಿಗೆ ಹೋಗುವವರ ಆರೋಗ್ಯ ಯಾರ ಹೊಣೆ?

ನಮ್ಮ ನ್ಯಾಮತಿ ಸೀಮೆಯಿಂದ ದುಡಿಮೆಗೆ ಹೊರಡುವವರಲ್ಲಿ ಹೆಚ್ಚಿನವರು ಹಿಡಿಯುವುದು ಕಾಫಿ ತೋಟದ ದಾರಿ ಅಥವಾ ಬೆಂಗಳೂರಿನ ಬಸ್ಸು. ಅಲ್ಲೊಬ್ಬರು ಇಲ್ಲೊಬ್ಬರು ಕೊಲ್ಲಿ ದೇಶದ ವಿಮಾನ ಹತ್ತುತ್ತಾರೆ. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯಂತೂ ಕೊಲ್ಲಿಯ ನಂಟಿಲ್ಲದ ಓಣಿ ಸಿಗುವುದೇ ಕಷ್ಟ. ಹೊರಡುವವರ ಮನೆಯಲ್ಲಿ ಪಾಸ್‌ಪೋರ್ಟ್, ವೀಸಾ, ಏಜೆಂಟರಿಗೆ ಕೊಡಬೇಕಾದ ಹಣದ ಮಾತು ತಿಂಗಳುಗಟ್ಟಲೆ ನಡೆಯುತ್ತದೆ. ಹೋಗುವವರ ಮೈಯ ಮಾತು ಬರುವುದು ಮೆಡಿಕಲ್ ಪರೀಕ್ಷೆಯ ದಿನ ಮಾತ್ರ. ಅದೂ ‘ಫಿಟ್’ ಎಂಬ ಮುದ್ರೆ ಬಿದ್ದ ಕೂಡಲೇ ಮುಗಿದುಹೋಗುತ್ತದೆ.

ಆರೋಗ್ಯದ ಅಂಕಣದಲ್ಲಿ ವೀಸಾ ಕಾನೂನಿಗೇನು ಕೆಲಸ ಎಂದು ನೀವು ಕೇಳಬಹುದು. ಜ್ವರ ಬಂದ ಕೆಲಸಗಾರ ವೈದ್ಯರ ಬಳಿ ಹೋಗುತ್ತಾನೋ ಅಥವಾ ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾನೋ ಎಂಬುದು ಅವನ ಪರವಾನಗಿ ಯಾರ ಕೈಯಲ್ಲಿದೆ ಎಂಬುದನ್ನು ಅವಲಂಬಿಸಿದೆ. ಆದ್ದರಿಂದ ಪರವಾನಗಿಯ ನಿಯಮವೂ ಆರೋಗ್ಯದ ನಿಯಮವೇ.

ಬಹರೈನ್ ದೇಶವನ್ನೇ ನೋಡಿ. ಅದೊಂದು ಪುಟ್ಟ ದ್ವೀಪ ರಾಷ್ಟ್ರ. ಕನ್ನಡ ಸಂಘ ಕಟ್ಟಿಕೊಂಡು ಬಾಳುವಷ್ಟು ಕನ್ನಡಿಗರು ಅಲ್ಲಿದ್ದಾರೆ. ಹಿಂದೆ ವಿದೇಶಿ ಕೆಲಸಗಾರರು ಮಾಲೀಕರ ಒಪ್ಪಿಗೆಯಿಲ್ಲದೆ ಬೇರೆ ಕೆಲಸಕ್ಕೆ ಸೇರುವಂತಿರಲಿಲ್ಲ. 2009ರ ಆಗಸ್ಟ್‌ನಲ್ಲಿ ಈ ಕಟ್ಟು ಸಡಿಲವಾಯಿತು. 2011ರಲ್ಲಿ, ಮೊದಲು ಒಂದು ವರ್ಷ ಅದೇ ಮಾಲೀಕರಲ್ಲಿ ದುಡಿದಿರಬೇಕು ಎಂಬ ಷರತ್ತು ಬಂತು. 2017ರಲ್ಲಿ ‘ಫ್ಲೆಕ್ಸಿ’ ಪರವಾನಗಿ ಬಂದು, ಕೆಲವರು ಮಾಲೀಕರಿಲ್ಲದೆ ತಮ್ಮ ಹೆಸರಿನಲ್ಲೇ ದುಡಿಯಲು ಅವಕಾಶವಾಯಿತು. 2022ರ ಅಕ್ಟೋಬರ್‌ನಲ್ಲಿ ಅದನ್ನು ರದ್ದುಪಡಿಸಿ, ನೋಂದಣಿ ಕೇಂದ್ರಗಳ ಮೂಲಕ ಕೊಡುವ ಬೇರೊಂದು ಪರವಾನಗಿಯನ್ನು ತಂದರು.

ಮಾಲೀಕರಿಗೆ ಕಟ್ಟಿಹಾಕಿದ ಪರವಾನಗಿಯಲ್ಲಿ, ಕಾಯಿಲೆ ಗೊತ್ತಾದರೆ ಊರಿಗೆ ಕಳಿಸಿಬಿಟ್ಟಾರು ಎಂಬ ಭಯ. ಸ್ವಂತ ಹೆಸರಿನ ಪರವಾನಗಿಯಲ್ಲಿ ಆ ಭಯ ಕಡಿಮೆ. ಆದರೆ ಪರವಾನಗಿ ಶುಲ್ಕ, ಆರೋಗ್ಯ ಶುಲ್ಕ ಎಲ್ಲವೂ ಸ್ವಂತ ಜೇಬಿನಿಂದ ಹೋಗಬೇಕು. ಒಂದು ದಿನ ಮಲಗಿದರೆ ಆ ದಿನದ ಸಂಪಾದನೆಯಿಲ್ಲ. ಎರಡರಲ್ಲೂ ಕಾಯಿಲೆ ಮುಚ್ಚಿಡುವುದೇ ಲಾಭವೆಂದು ಕಾಣುತ್ತದೆ. ಕೆಲಸ ಬದಲಿಸುವ ಸ್ವಾತಂತ್ರ್ಯ ಬೇಕೇ ಬೇಕು. ಆದರೆ ಚಿಕಿತ್ಸೆಯ ಖರ್ಚು ಮಾತ್ರ ಆಳನ್ನು ದುಡಿಸಿಕೊಳ್ಳುವವರ ಹೆಗಲ ಮೇಲೆಯೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಮುಚ್ಚಿಡುವ ಬುದ್ಧಿ ಶುರುವಾಗುವುದು ನಮ್ಮೂರಿನಲ್ಲೇ. ಕೊಲ್ಲಿಯ ಮೆಡಿಕಲ್‌ನಲ್ಲಿ ಎದೆಯ ಎಕ್ಸ್-ರೇ ತೆಗೆಯುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಮಾಡುತ್ತಾರೆ. ಎಂದೋ ವಾಸಿಯಾದ ಕ್ಷಯದ ಕಲೆ ಕಂಡರೂ ‘ಅನ್‌ಫಿಟ್’ ಆಗಬಹುದು. ಔಷಧಿಯನ್ನು ಪೂರ್ತಿ ತೆಗೆದುಕೊಂಡು ಗುಣವಾದವರಿಂದ ಯಾರಿಗೂ ಅಪಾಯವಿಲ್ಲ. ಅವರನ್ನೂ ಹಳೆಯ ಕಲೆಗಾಗಿ ತಳ್ಳಿಹಾಕುವುದು ವೈದ್ಯಶಾಸ್ತ್ರ ಒಪ್ಪುವ ಮಾತಲ್ಲ. ಇದರ ಫಲವೆಂದರೆ, ಈಗ ಕೆಮ್ಮುತ್ತಿರುವವರೂ ಬಾಯಿ ಬಿಡುವುದಿಲ್ಲ. ಅಂಥವರು ಹೋಗಿ ಏಳೆಂಟು ಜನ ಮಲಗುವ ಕೋಣೆ ಸೇರಿದರೆ, ಗಾಳಿಯಲ್ಲಿ ಹರಡುವ ಕ್ಷಯಕ್ಕೆ ಹಬ್ಬ.

ಆದ್ದರಿಂದ ಏಜೆಂಟರಿಗೆ ಹಣ ಕಟ್ಟುವ ಮೊದಲೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಫ, ಎಕ್ಸ್-ರೇ, ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ. ಕ್ಷಯಕ್ಕೆ ಅಲ್ಲಿ ಚಿಕಿತ್ಸೆ ಉಚಿತ. ಸಾಮಾನ್ಯವಾಗಿ ಆರು ತಿಂಗಳು ಸಾಕು. ಆರು ತಿಂಗಳು ತಡವಾಗಿ ಹೋದರೆ ಮನೆ ಮುಳುಗುವುದಿಲ್ಲ. ದಿನವೂ ನುಂಗುವ ಮಾತ್ರೆಗಳಿದ್ದರೆ ವೈದ್ಯರ ಚೀಟಿಯ ಸಮೇತ ಒಯ್ಯಿರಿ. ಕೊಡೀನ್, ಟ್ರಮಡಾಲ್ ಇರುವ ಔಷಧಿಗಳಿಗೆ ಕೊಲ್ಲಿಯಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ.

ಇನ್ನು ಬಿಸಿಲಿನ ಮಾತು. ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಬಯಲಿನಲ್ಲಿ ದುಡಿಸಿಕೊಳ್ಳುವುದನ್ನು ಬಹರೈನ್ ನಿಷೇಧಿಸಿದೆ. ಎರಡು ತಿಂಗಳಿದ್ದ ಈ ನಿಷೇಧವನ್ನು 2025ರಲ್ಲಿ ಮೂರು ತಿಂಗಳಿಗೆ ವಿಸ್ತರಿಸಿದ್ದು ಒಳ್ಳೆಯ ಕೆಲಸ. ಆದರೆ ದ್ವೀಪದ ಗಾಳಿಯಲ್ಲಿ ತೇವಾಂಶ ಹೆಚ್ಚು, ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನಾಲ್ಕು ಗಂಟೆಯ ನಂತರವೂ ಅಪಾಯ ಇದ್ದೇ ಇರುತ್ತದೆ. ಬಾಯಾರುವವರೆಗೆ ಕಾಯದೆ ಆಗಾಗ ನೀರು ಕುಡಿಯಬೇಕು. ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ನೀರು ಸಾಲದೆಂದು ತಿಳಿಯಬೇಕು. ಮೈ ಕೆಂಡವಾಗಿ ಮಾತು ತೊದಲಿದರೆ ಅದು ಉಷ್ಣಾಘಾತ. ಕೂಡಲೇ ನೆರಳಿಗೆ ತಂದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ ಆಸ್ಪತ್ರೆಗೆ ಸಾಗಿಸಬೇಕು. ವರ್ಷಗಟ್ಟಲೆ ಬಿಸಿಲಿನಲ್ಲಿ ಬೆವರಿ ನೀರಿಲ್ಲದೆ ದುಡಿದರೆ ಮೂತ್ರಪಿಂಡ ಕೆಡಬಹುದು. ರಜೆಗೆ ಬಂದಾಗ ಒಮ್ಮೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

ನಮ್ಮ ಸರ್ಕಾರದ ನಿಯಮಗಳನ್ನೂ ತಿಳಿದಿರಿ. ಹತ್ತನೆಯ ತರಗತಿ ಪಾಸಾಗದವರು ಬಹರೈನ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಸಾಮಾನ್ಯವಾಗಿ ವಲಸೆ ಅನುಮತಿ ಪಡೆಯಬೇಕು. ಅದರೊಂದಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. 2017ರಲ್ಲಿ ಪರಿಷ್ಕರಿಸಿದಂತೆ ಎರಡು ವರ್ಷಕ್ಕೆ 275 ರೂಪಾಯಿ ಕಂತು. ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷ ರೂಪಾಯಿ ಪರಿಹಾರ. ‘ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಹೋದಮೇಲೆ ನೋಡೋಣ’ ಎನ್ನುವವರ ಮಾತು ಕೇಳಿ ಹೊರಟರೆ ಈ ರಕ್ಷಣೆ ಯಾವುದೂ ಇಲ್ಲ. ಹೊರಡುವವರಿಗೆ ಇದನ್ನೆಲ್ಲ ತಿಳಿಸಿ, ಮರಳಿದವರ ಆರೋಗ್ಯ ತಪಾಸಣೆ ಮಾಡುವ ಏರ್ಪಾಡು ತಾಲ್ಲೂಕು ಆಸ್ಪತ್ರೆಗಳಲ್ಲೇ ಆಗಬೇಕು.

ಕೊನೆಗೆ ಮನೆಯವರಿಗೊಂದು ಮಾತು. ನಿಯಮಗಳು ಇನ್ನೂ ಬದಲಾಗುತ್ತಲೇ ಇರುತ್ತವೆ, ಅದು ನಿಮ್ಮ ಕೈಯಲ್ಲಿಲ್ಲ. ಆದರೆ ಫೋನ್ ಬಂದಾಗ ಹಣ ಯಾವಾಗ ಕಳಿಸುತ್ತೀ ಎಂದು ಕೇಳುವ ಮೊದಲು, ನಿದ್ದೆ ಬರುತ್ತಿದೆಯೇ, ನೀರು ಕುಡಿಯುತ್ತಿದ್ದೀಯಾ, ಕೆಮ್ಮು ಇದೆಯೇ ಎಂದು ಕೇಳಿ. ಕಾಯಿಲೆ ಹೇಳಿಕೊಂಡರೆ ಮನೆಯವರು ಬೈಯುವುದಿಲ್ಲ ಎಂಬ ಧೈರ್ಯವನ್ನಾದರೂ ನೀವು ಕೊಡಬಹುದು.